ಸಭೆಯ ವಾದ್ಯಗಳು: ಇಟ್ಟುಕೊಳ್ಳತಕ್ಕವು, ಮಾರತಕ್ಕವು



ಹಿಜ್ಕೀಯನೆಂಬ ಅರಸನು ಯೆರೂಸಲೇಮಿನಲ್ಲಿ ಪಟ್ಟಕ್ಕೆ ಬಂದಾಗ ಅವನ ಕೈಗೆ ಪೂರ್ವಿಕರ ಕಾಲದ ಎರಡು ವಿಧವಾದ ಸಾಮಾನುಗಳು ಬಂದವು. ಒಂದು, ಮೋಶೆಯು ಅಡವಿಯಲ್ಲಿ ದೇವರ ಅಪ್ಪಣೆಯಿಂದಲೇ ಮಾಡಿಸಿದ ತಾಮ್ರದ ಸರ್ಪ. ಇನ್ನೊಂದು, ದಾವೀದನು ದೇವಸ್ತುತಿಗಾಗಿ ನೇಮಿಸಿದ ವಾದ್ಯಗಳು. ಅರಸುಗಳ ಎರಡನೆಯ ಪುಸ್ತಕದ 18ನೆಯ ಅಧ್ಯಾಯವನ್ನು ಓದಿದರೆ ಅವನು ಆ ಸರ್ಪವನ್ನು ಚೂರುಚೂರು ಮಾಡಿಸಿದನೆಂದು ಕಾಣುತ್ತೇವೆ. ಪೂರ್ವಕಾಲವೃತ್ತಾಂತದ ಎರಡನೆಯ ಪುಸ್ತಕದ 29ನೆಯ ಅಧ್ಯಾಯವನ್ನು ಓದಿದರೆ ಅದೇ ಅರಸನು ದಾವೀದನ ವಾದ್ಯಗಳನ್ನು ಲೇವಿಯರ ಕೈಗೆ ಕೊಟ್ಟು ಆಲಯದಲ್ಲಿ ನಿಲ್ಲಿಸಿದನೆಂದು ಕಾಣುತ್ತೇವೆ. ಎರಡೂ ಹಳೆಯವು, ಎರಡೂ ಭಕ್ತರ ಕೈಯಿಂದ ಬಂದವುಗಳು, ನೋಡಿದರೆ ಸರ್ಪವೇ ಹೆಚ್ಚು ಪುರಾತನವಾದದ್ದು, ಹೆಚ್ಚು ಗೌರವವುಳ್ಳದ್ದು. ಆದಾಗ್ಯೂ ಅದನ್ನು ಒಡೆದನು, ಇವನ್ನು ಉಳಿಸಿಕೊಂಡನು. ಯಾಕೆ? ಜನರು ಆ ಸರ್ಪಕ್ಕೆ ಧೂಪಹಾಕುತ್ತಿದ್ದರು. ಈ ವಾದ್ಯಗಳನ್ನು ಹಿಡಿದು ದೇವರನ್ನು ಕೊಂಡಾಡುತ್ತಿದ್ದರು. ವಸ್ತುವಿನ ಹುಟ್ಟನ್ನಾಗಲಿ ವಯಸ್ಸನ್ನಾಗಲಿ ಅವನು ಕೇಳಲಿಲ್ಲ; ಅದರಿಂದ ಜನರು ಈಗ ಏನು ಮಾಡುತ್ತಾರೆಂಬದನ್ನೇ ಕೇಳಿದನು.

ಈ ಮಾತನ್ನು ನಾವು ಎತ್ತುವದಕ್ಕೆ ಕಾರಣವುಂಟು. ಹಳ್ಳಿಯ ಸಭೆಗಳಲ್ಲಿ ವಾದ್ಯಗಳ ವಿಷಯವಾದ ವಿವಾದವು ಹೊಲದ ಬದುವಿನ ವಿವಾದದ ಹಾಗೆ ಏಳುತ್ತದೆ. ಹೊಸಪೇಟೆಯಿಂದ ಮರಿಯಮ್ಮನಹಳ್ಳಿಯ ಕಡೆಗೆ ಹೋಗುವ ಸೀಮೆಯಲ್ಲಿ ಒಂದು ಚಿಕ್ಕ ಸಭೆ ಇದೆಯೆಂದು ಇಟ್ಟುಕೊಳ್ಳೋಣ. ಪ್ರಾರ್ಥನಾಲಯದ ಮಾಳಿಗೆ ಸೋರುತ್ತದೆ, ಕಾಣಿಕೆಯ ಪೆಟ್ಟಿಗೆಯಲ್ಲಿ ಅದಕ್ಕೆ ಸಾಲುವಷ್ಟು ಹಣವಿಲ್ಲ. ಪಕ್ಕದ ಕೋಣೆಯ ಬಾಗಿಲನ್ನು ತೆರೆದರೆ, ಬಿಳೀ ಬಟ್ಟೆ ಹೊದಿಸಿದ ಕಾಲಿನಿಂದ ಒತ್ತುವ ಹಳೆಯ ಹಾರ್ಮೋನಿಯಂ. ಕೈಯಿಂದ ಒತ್ತುವ ಒಂದು ಪೇಟಿ. ಒಂದು ಜೊತೆ ತಬಲ, ಒಂದು ಡೋಲಕ್ಕು, ಎರಡು ಜೊತೆ ತಾಳ. ಯಾರೋ ಉದಾರಿಗಳು ಕೊಟ್ಟ ವಿದ್ಯುತ್ತಿನ ಕೀಬೋರ್ಡು. ಆಳೆತ್ತರದ ಎರಡು ಸ್ಪೀಕರುಗಳು. ಮತ್ತು ಮೂಲೆಯಲ್ಲಿ ಗೋಣೀಚೀಲದೊಳಗೆ ಸುತ್ತಿಟ್ಟ ಒಂದು ಹಲಗೆ. ಯೌವನಸ್ಥರು, “ಹಳೆಯದನ್ನೆಲ್ಲಾ ಮಾರಿ ಹೊಸ ಸೆಟ್ಟು ತರೋಣ” ಅನ್ನುತ್ತಾರೆ. ಹಿರಿಯರು, “ದೊರೆಸಾನಿಯವರು ಕೊಟ್ಟ ಹಾರ್ಮೋನಿಯಂ ಮುಟ್ಟಬೇಡಿರಿ, ಬೇಕಾದರೆ ಆ ಹಲಗೆಯನ್ನು ಹೊರಗೆ ಹಾಕಿರಿ” ಅನ್ನುತ್ತಾರೆ. ಸ್ತ್ರೀಯರನ್ನು ಯಾರೂ ಕೇಳುವದಿಲ್ಲ, ಹಾಡುವವರು ಅವರೇ ಆದರೂ.

ಇಂಥ ಪ್ರಶ್ನೆ ಈ ಸೀಮೆಯಲ್ಲಿ ಹಗುರವಾದದ್ದಲ್ಲ. ಮರಿಯಮ್ಮನಹಳ್ಳಿಯು ವಾದ್ಯಗಳ ಊರು, ನಾಟಕದ ಊರು. ಪೇಟಿ ತಬಲಗಳ ಸ್ವರವನ್ನು ಕೇಳುತ್ತಾ ಬೆಳೆದ ಮಕ್ಕಳು ಅಲ್ಲಿದ್ದಾರೆ. ರಂಗದ ಮೇಲಿನ ಹಾಡಿನಿಂದಲೇ ಹೊಟ್ಟೆ ಹೊರೆದ ಸ್ತ್ರೀಯರು ಅಲ್ಲಿದ್ದಾರೆ. ಜೋಗತಿ ನೃತ್ಯಕ್ಕಾಗಿ 2021ರಲ್ಲಿ ಪದ್ಮಶ್ರೀ ಬಿರುದನ್ನು ಹೊಂದಿದ ಮಾತಾ ಮಂಜಮ್ಮ ಜೋಗತಿಯವರು ನೆಲೆಸಿದ್ದು ಅದೇ ಊರಿನಲ್ಲಿ. ಮಾತ್ರವಲ್ಲದೆ, ಯಾವುದನ್ನು ಹೊತ್ತುಕೊಂಡು ಹೋಗಬೇಕು, ಯಾವುದನ್ನು ಬಿಟ್ಟುಹೋಗಬೇಕು ಎಂಬ ಪ್ರಶ್ನೆಯನ್ನು ಆ ಸೀಮೆಯವರು ಒಮ್ಮೆ ಪೂರ್ಣವಾಗಿ ಅನುಭವಿಸಿದರು. 1945ರಲ್ಲಿ ತುಂಗಭದ್ರೆಗೆ ಅಣೆಕಟ್ಟಿನ ಅಸ್ತಿವಾರ ಹಾಕಲ್ಪಟ್ಟು 1953ರಲ್ಲಿ ನೀರು ನಿಂತಾಗ ನಾರಾಯಣದೇವರಕೆರೆಯೇ ಮೊದಲಾದ ಊರುಗಳು ಮುಳುಗಿದವು. ಅಲ್ಲಿಯ ಜನರು ಮನೆಮಾರುಗಳನ್ನು ಬಿಟ್ಟು ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. ಬಂಡಿಯಲ್ಲಿ ಹಿಡಿಯುವಷ್ಟೇ ತಮ್ಮದು ಎಂದು ತಿಳಿದ ಜನರಿಗೆ ಸಾಮಾನಿನ ಬೆಲೆ ಬೇರೆ ರೀತಿಯಾಗಿ ತಿಳಿಯುತ್ತದೆ. ಬಾಬೆಲಿನ ನದಿಗಳ ಬಳಿಯಲ್ಲಿ ಕೂತು ಅತ್ತ ಇಸ್ರಾಯೇಲ್ಯರನ್ನು ನೆನಸಿರಿ. ಅವರು ಹಾಡಲಾರದವರಾಗಿ ತಮ್ಮ ಕಿನ್ನರಿಗಳನ್ನು ಮರಗಳಿಗೆ ತೂಗಹಾಕಿದರು. ಆದರೆ ಬಾಬೆಲಿನ ಪೇಟೆಯಲ್ಲಿ ಮಾರಲಿಲ್ಲ.

ಈಗ ನಮ್ಮವರು ಸಾಧಾರಣವಾಗಿ ಹಿಡಿಯುವ ಅಳತೆಗೋಲುಗಳನ್ನು ನೋಡೋಣ.

ಮೊದಲನೆಯದು, ದೇಶೀಯವೋ ವಿದೇಶೀಯವೋ ಎಂಬದು. ಈ ಕೋಲು ಬಹಳ ಡೊಂಕಾದದ್ದು. ಹಾರ್ಮೋನಿಯಂ ವಾದ್ಯಕ್ಕೆ ಪ್ಯಾರಿಸಿನ ದೆಬೇನ್ ಎಂಬವನು 1842ರಲ್ಲಿ ಹಕ್ಕುಪತ್ರ ಪಡೆದನು. ಮಿಷನೆರಿಗಳು ಅದನ್ನು ಈ ದೇಶಕ್ಕೆ ತಂದರು. ಆ ಶತಮಾನದ ಕೊನೆಯ ಭಾಗದಲ್ಲಿ ಕಲ್ಕತ್ತೆಯ ದ್ವಾರಕಾನಾಥ ಘೋಷರು, ನೆಲದ ಮೇಲೆ ಕೂತು ಒಂದು ಕೈಯಿಂದ ತಿದಿಯೊತ್ತಿ ಇನ್ನೊಂದು ಕೈಯಿಂದ ಬಾರಿಸುವ ಹಾಗೆ ಅದನ್ನು ಬದಲಾಯಿಸಿದರು. ಅದು ನಾಟಕದ ಕಂಪೆನಿಗಳಿಗೆ ಹೋಯಿತು, ಭಜನೆಯ ಮಂಡಳಿಗಳಿಗೆ ಹೋಯಿತು. ಇತ್ತ ವಿದ್ವಾಂಸರು, ಒಂದು ಸ್ವರದಿಂದ ಇನ್ನೊಂದು ಸ್ವರಕ್ಕೆ ಜಾರುವ ನಮ್ಮ ಸಂಗೀತದ ನಡೆಯು ಈ ಪೆಟ್ಟಿಗೆಯಲ್ಲಿ ಬರುವದಿಲ್ಲವೆಂದು ಆಕ್ಷೇಪಿಸಿದ್ದರಿಂದ ಆಕಾಶವಾಣಿಯು 1940ರಲ್ಲಿ ಅದನ್ನು ಹೊರಗೆ ಹಾಕಿತು. 1971ರ ತನಕ ಆ ನಿಷೇಧ ಸಡಿಲವಾಗಲಿಲ್ಲ. ಆ ಮೂವತ್ತು ವರ್ಷಗಳಲ್ಲಿ ಹಳ್ಳಿಯವರು ಅದನ್ನು ಬಿಟ್ಟರೋ? ಬಿಡಲಿಲ್ಲ. ಇಂದು ಯಾವ ಹಳ್ಳಿಯಲ್ಲಿ ಕೇಳಿದರೂ ಪೇಟಿಯು ನಮ್ಮದೇ ಎಂದು ಹೇಳುವರು. ಇತ್ತ, ಜರ್ಮನ್ ದೇಶದಿಂದ ಬಂದ ಕಿಟ್ಟೆಲ್ ಸಾಹೇಬರು 1862ರಲ್ಲಿ ಕರ್ತನ ಚರಿತ್ರೆಯನ್ನು ಕನ್ನಡದ ಪದ್ಯದ ಧಾಟಿಗಳಲ್ಲೇ ಕಟ್ಟಿ “ಕಥಾಮಾಲೆ” ಎಂಬ ಪುಸ್ತಕವನ್ನು ಪ್ರಕಟಿಸಿದರು. ಪರದೇಶದವನು ನಮ್ಮ ಧಾಟಿಯನ್ನು ಹಿಡಿದನು, ನಾವು ಪರದೇಶದ ಪೆಟ್ಟಿಗೆಯನ್ನು ಹಿಡಿದೆವು.

ಎರಡನೆಯ ಅಳತೆಗೋಲು, ಶುದ್ಧವೋ ಅಶುದ್ಧವೋ ಎಂಬದು. ಆದಿಕಾಂಡದ 4ನೆಯ ಅಧ್ಯಾಯದಲ್ಲಿ ಕಿನ್ನರಿ ಕೊಳಲುಗಳನ್ನು ನುಡಿಸುವವರ ಮೂಲಪುರುಷನು ಯಾರೆಂದು ಬರೆದದೆ? ಯೂಬಾಲನು, ತಮ್ಮನನ್ನು ಕೊಂದ ಕಾಯಿನನ ವಂಶದವನು. ಹುಟ್ಟನ್ನು ನೋಡಿ ತಳ್ಳುವದಾದರೆ ದಾವೀದನ ಕಿನ್ನರಿಯನ್ನೇ ತಳ್ಳಬೇಕಾದೀತು. ನೆಬೂಕದ್ನೆಚ್ಚರನ ಬಂಗಾರದ ಪ್ರತಿಮೆಯ ಮುಂದೆಯೂ ಕೊಳಲು ಕಿನ್ನರಿಗಳು ನುಡಿದವು. ಆದದರಿಂದ ಕೀರ್ತನೆಗಳ ಕೊನೆಯ ಅಧ್ಯಾಯದಿಂದ ಆ ವಾದ್ಯಗಳನ್ನು ಯಾರೂ ಅಳಿಸಲಿಲ್ಲ. ಬೇಲ್ಶಚ್ಚರನು ದೇವಾಲಯದ ಪಾತ್ರೆಗಳಲ್ಲಿ ದ್ರಾಕ್ಷಾರಸವನ್ನು ಕುಡಿದನು. ಅವು ಕೆಟ್ಟುಹೋದವೆಂದು ಯೆಹೂದ್ಯರು ಬಿಟ್ಟುಬಿಡದೆ, ಕೋರೆಷನು ಹಿಂದಕ್ಕೆ ಕೊಟ್ಟಾಗ ಎಣಿಸಿ ತೆಗೆದುಕೊಂಡರು. ಒಟ್ಟು 5400 ಎಂದು ಎಜ್ರನ ಪುಸ್ತಕದ ಮೊದಲನೆಯ ಅಧ್ಯಾಯದಲ್ಲಿ ಲೆಕ್ಕವೇ ಉಂಟು.

ಇಲ್ಲಿ ನಾವು ಗೋಣೀಚೀಲದೊಳಗಿನ ಹಲಗೆಯ ಬಳಿಗೆ ಬರಬೇಕು. ಇದರ ಮಾತನ್ನು ಅವಸರದಿಂದ ಮುಗಿಸಲಾಗದು, ಯಾಕಂದರೆ ನಮ್ಮ ಸಭೆಗಳ ಅನೇಕ ಮನೆತನಗಳ ಕಣ್ಣೀರು ಅದಕ್ಕೆ ಅಂಟಿಕೊಂಡಿದೆ. ಊರಿನಲ್ಲಿ ಹೆಣ ಎದ್ದರೆ ಹಲಗೆ; ಮಾರಿಯ ಜಾತ್ರೆಯಲ್ಲಿ ಕೋಣದ ಮುಂದೆ ಹಲಗೆ; ಡಂಗುರ ಸಾರಬೇಕಾದರೆ ಹಲಗೆ. ಬಡಿಯುವವನಿಗೆ ಇಷ್ಟವುಂಟೋ ಇಲ್ಲವೋ ಎಂದು ಯಾರೂ ಕೇಳುತ್ತಿರಲಿಲ್ಲ. ಬಡಿಯಲಾರೆನೆಂದವನ ಮನೆಗೆ ಕಾಳು ನಿಲ್ಲುತ್ತಿತ್ತು, ಬಾವಿಯ ನೀರು ನಿಲ್ಲುತ್ತಿತ್ತು. ಹಾಗಿರುವಲ್ಲಿ, ನಮ್ಮ ಹಿರಿಯರಲ್ಲಿ ಕೆಲವರು ಸ್ನಾನದೀಕ್ಷೆಯನ್ನು ಹೊಂದಿದಾಗ ಹಲಗೆಯನ್ನು ಕೆಳಗಿಟ್ಟದ್ದು ವಾದ್ಯದ ಮೇಲಿನ ಹಗೆಯಿಂದಲ್ಲ. ಕುತ್ತಿಗೆಯ ಮೇಲಿನ ನೊಗವನ್ನು ಕೆಳಗಿಟ್ಟರು. ಅದು ಧೈರ್ಯದ ಕೃತ್ಯ. ಅದನ್ನು ಯಾರೂ ಹಗುರಮಾಡಬಾರದು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೆಯ ವಿಧಿಯು ಅಸ್ಪೃಶ್ಯತೆಯನ್ನು ರದ್ದುಮಾಡುವದಕ್ಕೆ ಎಷ್ಟೋ ಮೊದಲು ಅವರು ತಮ್ಮ ಕೈಯಿಂದಲೇ ಅದನ್ನು ರದ್ದುಮಾಡಿದರು.

ಆದರೆ ಅವರ ಮೊಮ್ಮಕ್ಕಳಲ್ಲಿ ಇನ್ನೊಂದು ಮಾತನ್ನು ಕಾಣುತ್ತೇವೆ. ಅವರಿಗೆ ನೊಗದ ನೆನಪಿಲ್ಲ, ನಾಚಿಕೆ ಮಾತ್ರ ಉಳಿದಿದೆ. ಪಟ್ಟಣದಿಂದ ಬಂದ ಅತಿಥಿಗಳು ಹಲಗೆಯನ್ನು ಕಂಡರೆ ನಮ್ಮ ಕುಲ ತಿಳಿದುಬಿಡುವದೆಂಬ ಭಯದಿಂದ ಅದನ್ನು ಚೀಲದಲ್ಲಿ ಸುತ್ತುತ್ತಾರೆ, ಅಥವಾ ಕತ್ತಲಾದ ಮೇಲೆ ಮಾರುತ್ತಾರೆ. ಪ್ರಿಯರೇ, ಹಿರಿಯನು ಬಿಡುಗಡೆಗಾಗಿ ಕೆಳಗಿಟ್ಟದ್ದು ಒಂದು. ಮೊಮ್ಮಗನು ನಾಚಿಕೆಯಿಂದ ಬಚ್ಚಿಟ್ಟದ್ದು ಬೇರೊಂದು. ನಮ್ಮ ಕರ್ತನು ನಮ್ಮನ್ನು ತಂದೆತಾಯಿಗಳಿಗೆ ನಾಚಿಕೊಳ್ಳುವವರನ್ನಾಗಿ ಮಾಡುವದಕ್ಕೆ ಸಾಯಲಿಲ್ಲ. ಕೆಂಪು ಸಮುದ್ರವನ್ನು ದಾಟಿದ ದಿನದಲ್ಲಿ ಮಿರ್ಯಾಮಳ ಕೈಯಲ್ಲಿದ್ದ ದಮ್ಮಡಿ ಎಲ್ಲಿಂದ ಬಂತು? ಸೀನಾಯಿಯ ಅಡವಿಯಲ್ಲಿ ಅಂಗಡಿಯಿರಲಿಲ್ಲ. ದಾಸತ್ವದ ಮನೆಯಾದ ಐಗುಪ್ತದಿಂದ, ಇಟ್ಟಿಗೆಯ ಕೆಲಸದ ಜನರ ಗುಡಿಸಿಲುಗಳಿಂದ ಅದು ಬಂತು. ಹುಳಿಯಿಲ್ಲದ ಹಿಟ್ಟನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ರಾತ್ರಿಯಲ್ಲಿ ಓಡುವಾಗಲೂ ಯಾವಳೋ ಒಬ್ಬಳು ಅದನ್ನು ಬಿಡದೆ ತಂದಿದ್ದಳು. ದಾಸತ್ವದಲ್ಲಿ ಬಡಿದ ಚರ್ಮದ ಮೇಲೆಯೇ ಬಿಡುಗಡೆಯ ಮೊದಲನೆಯ ಹಾಡು ಹುಟ್ಟಿತು.

ತಮಿಳು ಸೀಮೆಯ ಸಭೆಗಳಲ್ಲಿ ಹಲಗೆಯ ಒಡಹುಟ್ಟಾದ ಪರೈ ಎಂಬ ವಾದ್ಯದ ವಿಷಯವಾಗಿ ಇದೇ ತರ್ಕ ನಡೆದು, ಮದುರೆಯ ದೇವಜ್ಞಾನ ಪಾಠಶಾಲೆಯಲ್ಲಿ ಬೋಧಿಸುತ್ತಿದ್ದ ತಿಯೋಫಿಲಸ್ ಅಪ್ಪಾವೂ ಎಂಬ ಬೋಧಕರು ಹಳ್ಳಿಯವರ ಧಾಟಿಗಳನ್ನೂ ಹಳ್ಳಿಯವರ ವಾದ್ಯಗಳನ್ನೂ ಆರಾಧನೆಯೊಳಗೆ ತಂದರು. ಅಲ್ಲಿ ನಡೆದದ್ದೆಲ್ಲಾ ಇಲ್ಲಿಯೂ ನಡೆಯಲೇಬೇಕೆಂದು ನಾವು ಹೇಳುವದಿಲ್ಲ. ಅಪೊಸ್ತಲನಾದ ಪೌಲನು ಕೊರಿಂಥದವರಿಗೆ ವಿಗ್ರಹಕ್ಕೆ ಅರ್ಪಿಸಿದ ಮಾಂಸದ ವಿಷಯದಲ್ಲಿ ಬರೆದದ್ದನ್ನು ಮರೆಯಬಾರದು. ಮಾಂಸದಲ್ಲಿ ದೋಷವಿಲ್ಲ, ಆದರೂ ಬಲಹೀನನಾದ ಸಹೋದರನಿಗೆ ಅದು ಎಡವುಗಲ್ಲಾಗುವದಾದರೆ ತಾನು ತಿನ್ನುವದನ್ನೇ ಬಿಡುವೆನೆಂದನು. ಕೋಣದ ಮುಂದೆ ಬಡಿದ ಶಬ್ದವು ಇನ್ನೂ ಕಿವಿಯಲ್ಲಿರುವ ಮುದುಕನೊಬ್ಬನು ಸಭೆಯಲ್ಲಿದ್ದರೆ, ಹಲಗೆಯ ಮೊದಲ ಪೆಟ್ಟಿಗೆ ಅವನ ಮುಖವು ಕಂದಿಹೋಗುವದಾದರೆ, ಅವನ ಬಳಿಗೆ ಹೋಗಿ ಕೂತು ಮಾತಾಡಿರಿ. ಅವನು ಒಪ್ಪುವ ತನಕ ಪ್ರಾರ್ಥನಾಲಯದೊಳಗೆ ಬಾರಿಸಬೇಡಿರಿ. ಆದರೆ ಮಾರಬೇಡಿರಿ. ಬೆಳೆಹಬ್ಬದ ಮೆರವಣಿಗೆಯಲ್ಲಿ, ಹೊರಗಣ ಬೈಲಿನಲ್ಲಿ, ಮೊದಲು ಅದು ನುಡಿಯಲಿ. ಬಹುಶಃ ಮುದುಕನೇ ಎದ್ದು ಬಂದು, ಹುಡುಗರು ತಪ್ಪು ಬಡಿಯುತ್ತಾರೆಂದು ಕಡ್ಡಿಯನ್ನು ಕಸುಕೊಂಡಾನು. ಯಾವ ಜಾತ್ರೆಗೂ ಯಾವ ಹೆಣಕ್ಕೂ ಬಲವಂತದಿಂದ ಅದನ್ನು ಯಾರೂ ಕರೆಯಕೂಡದೆಂಬದು ಮಾತ್ರ ಹಿರಿಯರ ಗಟ್ಟಿಯಾದ ತೀರ್ಮಾನವಾಗಿರಬೇಕು.

ಚೌಡಿಕೆಯ ಮಾತು ಇದಕ್ಕಿಂತಲೂ ಸೂಕ್ಷ್ಮವಾದದ್ದು. ಎಲ್ಲಮ್ಮನ ಹೆಸರಿನಲ್ಲಿ ಬಿಡಲ್ಪಟ್ಟ ಸ್ತ್ರೀಯರು ಹಿಡಿಯುವ ವಾದ್ಯವದು. ಹೆಣ್ಣುಮಕ್ಕಳನ್ನು ಹಾಗೆ ಬಿಡುವದನ್ನು 1982ರ ಕರ್ನಾಟಕ ಶಾಸನವು ನಿಷೇಧಿಸಿತು, ನಿಷೇಧಿಸಿದ್ದು ಒಳ್ಳೇದು. ಅಂಥ ಒಬ್ಬ ತಾಯಿಯು ಕರ್ತನನ್ನು ನಂಬಿ ಸಭೆಗೆ ಬಂದರೆ ಅವಳ ಚೌಡಿಕೆಯನ್ನು ಏನು ಮಾಡಬೇಕೆಂದು ಸಭಾಹಿರಿಯರು ಕೂತು ತೀರ್ಮಾನಿಸುವದು ನಮಗೆ ಸರಿಕಾಣುವದಿಲ್ಲ. ಧರ್ಮೋಪದೇಶಕಾಂಡದ 24ನೆಯ ಅಧ್ಯಾಯದಲ್ಲಿ, ಸಾಲಕ್ಕೆ ಬದಲಾಗಿ ಬಡವನ ಬೀಸುವ ಕಲ್ಲನ್ನು, ಅದರ ಒಂದು ಹೋಳನ್ನು ಸಹ, ಒತ್ತೆಯಾಗಿ ಎತ್ತಿಕೊಂಡು ಬರಬಾರದೆಂಬ ಚಿಕ್ಕ ಕಟ್ಟಳೆಯುಂಟು. ಆ ಮನೆಯ ರೊಟ್ಟಿ ಅದರ ಮೇಲೆ ನಿಂತಿದೆ. ಹಾಡಿ ಬದುಕುವವಳಿಗೆ ಅವಳ ವಾದ್ಯವೇ ಬೀಸುವ ಕಲ್ಲು. ಅದನ್ನು ಬಿಡುವದಾದರೆ ಅವಳೇ ಬಿಡಲಿ, ತನ್ನ ಕಾಲದಲ್ಲಿ ಬಿಡಲಿ. ಮತ್ತು ಆ ದಿನದಿಂದ ಅವಳ ಒಲೆಗೆ ಸೌದೆ ಎಲ್ಲಿಂದ ಬರುವದೆಂಬದನ್ನು ಸಭೆಯು ಮೊದಲೇ ಯೋಚಿಸಿರಲಿ. ಹೊಟ್ಟೆಗೆ ದಾರಿ ಹೇಳದೆ ವಾದ್ಯವನ್ನು ಕಸುಕೊಳ್ಳುವ ಭಕ್ತಿಯು ಸಾಲಗಾರನ ಭಕ್ತಿಗಿಂತ ಮೇಲಾದದ್ದಲ್ಲ. ನಾಟಕಕ್ಕೆ ಪೇಟಿ ಬಾರಿಸಿ ಸಂಸಾರವನ್ನು ಸಾಕುವ ಸಹೋದರರ ವಿಷಯದಲ್ಲಿಯೂ ಇದೇ ಮಾತು. ಸಭೆಯ ಕೈಪೇಟಿಯನ್ನು ವಾರದ ದಿನಗಳಲ್ಲಿ ಅಂಥವರೊಬ್ಬರು ಎರವಾಗಿ ಒಯ್ದು ದುಡಿಯುತ್ತಿದ್ದರೆ ಅದನ್ನು ಮಾರುವ ಮೊದಲು ಅವರ ಮನೆಯ ಬಾಗಿಲಿಗೆ ಹೋಗಿ ಬನ್ನಿರಿ.

ಇನ್ನು ಬಿಳೀ ಬಟ್ಟೆಯ ಕೆಳಗಿರುವ ಕಾಲಿನ ಹಾರ್ಮೋನಿಯಂ. ಅದನ್ನು ಬಾರಿಸಬಲ್ಲವರು ಸಭೆಯಲ್ಲಿ ಒಬ್ಬರೂ ಇಲ್ಲ. ಅದರ ತಿದಿಯ ಚರ್ಮವನ್ನು ಇಲಿಗಳು ಕಡಿದಿವೆ. ಹಿತ್ತಾಳೆಯ ರೀಡುಗಳು ಕಿಲುಬು ಹಿಡಿದಿವೆ. ಮಕ್ಕಳು ಅದರ ಹತ್ತಿರ ಹೋದರೆ ಗದರಿಸಲ್ಪಡುತ್ತಾರೆ. ಕ್ರಿಸ್ಮಸ್ಸಿಗೆ ಅದಕ್ಕೆ ಹೂವಿನ ಮಾಲೆ ಹಾಕುತ್ತಾರೆ. ಹೂವಿನ ಮಾಲೆ! ಹಿಜ್ಕೀಯನು ನಮ್ಮ ಕೋಣೆಗೆ ಬಂದರೆ ಯಾವುದನ್ನು ತಾಮ್ರದ ಸರ್ಪವೆನ್ನುವನು, ಗೋಣೀಚೀಲದಲ್ಲಿರುವದನ್ನೋ ಬಟ್ಟೆಯ ಕೆಳಗಿರುವದನ್ನೋ? ಹಂಪಿಯ ವಿಠ್ಠಲ ದೇವಾಲಯದಲ್ಲಿ ತಟ್ಟಿದರೆ ಸ್ವರ ಕೊಡುವ ಕಲ್ಲಿನ ಕಂಬಗಳಿವೆ. ಕೆಡದ ಹಾಗೆ ಅವನ್ನು ಯಾರೂ ತಟ್ಟಬಾರದೆಂದು ಸರಕಾರದವರು ಕಾಯುತ್ತಾರೆ. ಅದು ಯುಕ್ತವೇ, ಯಾಕಂದರೆ ಅಂಥ ಕಂಬಗಳನ್ನು ಪುನಃ ಮಾಡುವದಕ್ಕಾಗದು. ಪ್ರಾರ್ಥನಾಲಯವಾದರೋ ಹಾಳೂರಿನ ಮಂಟಪವಲ್ಲ. ರಿಪೇರಿ ಮಾಡುವವರನ್ನು ಕರೆಸಿ ತೋರಿಸಿರಿ; ಅದು ನುಡಿಯುವಂತಾಗಿ, ಕಲಿಯುವ ಹುಡುಗ ಹುಡುಗಿಯರು ಸಿಕ್ಕಿದರೆ, ಬಟ್ಟೆಯನ್ನು ತೆಗೆದುಹಾಕಿ ಬಾರಿಸಿರಿ. ಆಗದಿದ್ದರೆ ಬೇಕೆನ್ನುವ ಶಾಲೆಗೋ ಇನ್ನೊಂದು ಸಭೆಗೋ ಕೊಡಿರಿ, ಇಲ್ಲವೆ ಮಾರಿರಿ. ಕೊಟ್ಟ ಪುಣ್ಯಾತ್ಮರು ಹಾಡುವದಕ್ಕಾಗಿ ಕೊಟ್ಟರೇ ಹೊರತು ಹೂವು ಹಾಕುವದಕ್ಕಾಗಿ ಕೊಡಲಿಲ್ಲ.

ಆಳೆತ್ತರದ ಸ್ಪೀಕರುಗಳ ವಿಷಯದಲ್ಲಿ ನಮ್ಮ ಮನಸ್ಸು ಬಹಳ ಮಟ್ಟಿಗೆ ಗಟ್ಟಿಯಾಗಿದೆ, ಅವನ್ನು ಮಾರಿರಿ. ಮೂವತ್ತು ಮನೆಗಳ ಸಭೆಗೆ ದನಿ ಎತ್ತಿ ಹೇಳಿದರೆ ಕೇಳಿಸುವದು. ರಾತ್ರಿ 10 ಗಂಟೆಯಿಂದ ಬೆಳಗ್ಗೆ 6 ಗಂಟೆಯ ತನಕ ಧ್ವನಿವರ್ಧಕವನ್ನು ಹಾಕಬಾರದೆಂಬ ಸರಕಾರದ ನಿಯಮವು 2000ದಿಂದ ಇರುವದು ಒಂದು ಕಡೆಗಿರಲಿ. ನೆರೆಯವರ ಕೂಸು ಮಲಗುವ ಹೊತ್ತಿಗೆ ಅವರ ಗೋಡೆ ನಡುಗುವ ಹಾಗೆ ದೇವರ ಪ್ರೀತಿಯನ್ನು ಸಾರುವದು ಹೇಗೆ? ಇದಕ್ಕಿಂತ ದೊಡ್ಡ ಕೇಡು ಒಳಗಡೆಯೇ ಆಗುತ್ತದೆ. ಒಬ್ಬನು ಮೈಕು ಹಿಡಿದು ಹಾಡುವಾಗ ಹಿಂದಿನ ಸಾಲಿನ ತಾಯಂದಿರು ಮೆಲ್ಲಗೆ ಬಾಯಿ ಮುಚ್ಚುತ್ತಾರೆ. ತಮ್ಮ ದನಿ ತಮಗೇ ಕೇಳಿಸದಿದ್ದ ಮೇಲೆ ಹಾಡುವದೇತಕ್ಕೆ? ಆಮೋಸನು ಇಸ್ರಾಯೇಲ್ಯರ ಹಾಡುಗಳನ್ನು ಗದ್ದಲವೆಂದು ಕರೆದದ್ದು ಅವರ ಸ್ವರ ತಪ್ಪಿದ್ದರಿಂದಲ್ಲ, ನ್ಯಾಯ ತಪ್ಪಿದ್ದರಿಂದ. ಆದರೆ ಬಡವರ ಬಾಯಿಯನ್ನು ಮುಚ್ಚಿಸುವ ಸಂಗೀತವು ಆ ಗದ್ದಲದ ಜಾತಿಗೇ ಸೇರಿದ್ದೆಂದು ನಾವು ಎಣಿಸುತ್ತೇವೆ.

ಕೀಬೋರ್ಡಿನ ವಿಷಯದಲ್ಲಿ ಹೆಚ್ಚು ಹೇಳುವದಿಲ್ಲ. ಅದು ಪಾಪವೂ ಅಲ್ಲ, ಪುಣ್ಯವೂ ಅಲ್ಲ. ಕರೆಂಟು ಹೋದರೆ ಅದು ಮೂಕವಾಗುವದೆಂಬದನ್ನೂ, ವರ್ಷ ವರ್ಷಕ್ಕೆ ಹೊಸದು ಬರುವದರಿಂದ ಹಳೆಯದರ ಬೆಲೆ ಬೇಗನೆ ಇಳಿದುಹೋಗುವದೆಂಬದನ್ನೂ ನೆನಪಿನಲ್ಲಿಟ್ಟಿರಿ, ಮಾರುವದಾದರೆ ತಡಮಾಡಬೇಡಿರಿ. ಗುಂಡಿಯೊತ್ತಿದರೆ ತಾನೇ ತಾಳ ಹಾಕಿಕೊಳ್ಳುವ ಯಂತ್ರವಿರುವಾಗ ತಬಲ ಡೋಲಕ್ಕುಗಳು ಯಾಕೆ ಎನ್ನುವವರಿಗೆ ಒಂದೇ ಉತ್ತರ: ಯಂತ್ರವು ತಾಳ ಹಾಕುತ್ತದೆ, ಆದರೆ ಮುದುಕಿಯು ಉಸಿರು ತೆಗೆದುಕೊಳ್ಳಲು ನಿಂತಾಗ ಅದು ನಿಲ್ಲುವದಿಲ್ಲ. ಡೋಲಕ್ಕಿನವನು ನಿಲ್ಲುತ್ತಾನೆ.

ಮಾರಿದ ಹಣದ ಮಾತು ಉಳಿಯಿತು. ಬಾರ್ನಬನು ಹೊಲವನ್ನು ಮಾರಿದನು, ಅನನೀಯನೂ ಮಾರಿದನು. ಮಾರಿದ್ದರಲ್ಲಿ ತಪ್ಪಿರಲಿಲ್ಲ, ಕ್ರಯವನ್ನು ಬಚ್ಚಿಟ್ಟು ಸುಳ್ಳಾಡಿದ್ದರಲ್ಲಿ ತಪ್ಪಿತ್ತು. ಆದದರಿಂದ ಸಭೆಯ ವಾದ್ಯವನ್ನು ಒಬ್ಬ ಹಿರಿಯನಾಗಲಿ ಉಪದೇಶಿಯಾಗಲಿ ತಾನೊಬ್ಬನೇ ಮಾರಕೂಡದು. ಆರಾಧನೆಯ ತರುವಾಯ ಎಲ್ಲರ ಮುಂದೆ, ಸ್ತ್ರೀಯರ ಮುಂದೆಯೂ, ಹೆಸರು ಹೆಸರಾಗಿ ಓದಿ ಹೇಳಬೇಕು. ಕೊಟ್ಟವರ ಮನೆಯವರು ಇದ್ದರೆ ಅವರಿಗೆ ತಿಳಿಸಬೇಕು. ತೀರ್ಮಾನವನ್ನು ಪುಸ್ತಕದಲ್ಲಿ ಬರೆದು, ಕೊಂಡವರ ರಸೀತಿಯನ್ನು ಅದರೊಳಗೆ ಇಟ್ಟು, ಹಣವು ಯಾವುದಕ್ಕೆ ಹೋಯಿತೆಂದು ಮುಂದಿನ ತಿಂಗಳಲ್ಲಿ ಪುನಃ ಓದಬೇಕು. ಆ ಹಣವು ಮಾಳಿಗೆಗೆ ಹೋಗಲಿ ಎಂಬವರೊಂದಿಗೆ ನಾವು ಜಗಳವಾಡುವದಿಲ್ಲ. ಆದರೂ ಅದರಲ್ಲಿ ಒಂದು ಪಾಲನ್ನು ತೆಗೆದಿಟ್ಟು ಹಲಗೆಗೆ ಹೊಸ ಚರ್ಮ ಹಾಕಿಸಿರಿ, ತಬಲದ ಬಾರುಗಳನ್ನು ಬದಲಾಯಿಸಿರಿ, ಇಬ್ಬರು ಮಕ್ಕಳನ್ನು ಮರಿಯಮ್ಮನಹಳ್ಳಿಯಲ್ಲಿ ಪೇಟಿ ಬಲ್ಲ ಯಾರೊಬ್ಬರ ಬಳಿಗಾದರೂ ಕಲಿಯಲು ಕಳುಹಿಸಿರಿ. ಕಲಿಸುವವರು ನಮ್ಮ ಸಭೆಯವರಲ್ಲದಿದ್ದರೆ ಏನಾಯಿತು? ಸೊಲೊಮೋನನು ದೇವಾಲಯದ ಹಿತ್ತಾಳೆಯ ಕೆಲಸಕ್ಕೆ ತೂರಿನಿಂದ ಹೀರಾಮನನ್ನು ಕರೆಸಿದನು. ಆ ಕೆಲಸ ಬಲ್ಲವನು ಅವನಾಗಿದ್ದನು.

ಪಟ್ಟಿಯನ್ನು ಮುಂಗಾರಿನ ಮೊದಲೇ ಮಾಡಿಕೊಳ್ಳಿರಿ. ಮಳೆ ಹಿಡಿದ ಮೇಲೆ ಸೋರುವ ಕೋಣೆಯಲ್ಲಿ ಚರ್ಮವು ಬೂಸಲು ಹಿಡಿದು ದನಿ ಕಳಕೊಳ್ಳುತ್ತದೆ, ಪೇಟಿಯ ಮರವು ಉಬ್ಬಿ ಒತ್ತಿದ ಮನೆ ಮೇಲಕ್ಕೆ ಏಳುವದಿಲ್ಲ, ಕೊಳ್ಳುವವರು ಅರ್ಧ ಬೆಲೆಗೂ ಕೇಳುವದಿಲ್ಲ. ಹಲಗೆಯನ್ನು ನೆಲದ ಮೇಲೆ ಇಡದೆ ಗೂಟಕ್ಕೆ ತೂಗಹಾಕಿರಿ. ಬಾರಿಸುವ ಮುಂಚೆ ಒಣಹುಲ್ಲಿನ ಉರಿಗೆ ತೋರಿಸಿದರೆ ಸಾಕೆಂಬದನ್ನು ನಮಗಿಂತ ಚೆನ್ನಾಗಿ ನಿಮ್ಮ ಹಿರಿಯರೇ ಬಲ್ಲರು.